ಭಾಗೀರಥಮ್ಮ ಮಾಡುವ ವಿಜ್ಞಾಪನೆಗಳು

ನನ್ನ ತಮ್ಮ ಮಧುಸೂದನನ ಮಗಳು ಆರಾಧನಾಳ ಮದುವೆ ಕಾರ್ಡು ಮಾಡಿಸಲು ಸುಲ್ತಾನ್‌ಪೇಟೆಗೆ ಹೋದ ದಿನ ನಾನು ಎರಡು ಜಗಳ ಆಡಿದೆ. ಒಂದು ಆಟೋದವನ ಜೊತೆ, ಅದು ಲೆಕ್ಕಕ್ಕಿಲ್ಲ. ಇನ್ನೊಂದು ಕಾರ್ಡಿನ ಅಂಗಡಿಯ ಶೀನಣ್ಣನ ಜೊತೆ. ಇದು ತೊಂಬತ್ತೆಂಟನೇ ಇಸವಿಯ ಏಪ್ರಿಲ್ ತಿಂಗಳ ಮಾತು.

ಕಾರ್ಡಿನ ತಲೆಯಲ್ಲಿ, ಕರೆಯುವವರ ಹೆಸರು ಬರುವ ಜಾಗದಲ್ಲಿ, ನಮ್ಮಮ್ಮನ ಹೆಸರು ಹಾಕಿ ಎಂದೆ. ‘ಶ್ರೀಮತಿ ಭಾಗೀರಥಮ್ಮ ಶ್ರೀನಿವಾಸಮೂರ್ತಿ ಅವರು ಮಾಡುವ ವಿಜ್ಞಾಪನೆಗಳು.’ ಶೀನಣ್ಣ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟ.

“ಯಜಮಾನ್ರು ಇದಾರಾ ಮೇಡಂ?”

“ಹೋಗಿ ಒಂಬತ್ತು ವರ್ಷ ಆಯ್ತು.”

“ಹಂಗಾದ್ರೆ ಬೇಡ ಬಿಡಿ. ಗಂಡ ಹೋದೋರ ಹೆಸರು ಶುಭಕಾರ್ಯದ ಕಾರ್ಡಿಗೆ ಯಾರೂ ಹಾಕ್ಸಲ್ಲ. ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದೀನಿ, ಒಂದೂ ಹಾಕಿಲ್ಲ.”

“ಮೂವತ್ತು ವರ್ಷದಿಂದ ತಪ್ಪು ಮಾಡ್ತಿದೀರಿ. ಇವತ್ತು ಸರಿ ಮಾಡಿ.”

ಮಧು ನನ್ನ ಮೊಣಕೈ ಹಿಡಿದು, “ಅಕ್ಕಾ, ಬೀಗರು ಏನಂದ್ಕೋತಾರೆ” ಎಂದ. ಅವನು ಬ್ಯಾಂಕಿನಲ್ಲಿ ಆಫೀಸರು. ಹುಟ್ಟಿದಾಗಿನಿಂದ ಯಾರಾದರೂ ಏನಾದರೂ ಅಂದುಕೊಂಡಾರು ಎಂದು ಹೆದರಿಕೊಂಡೇ ಬದುಕಿದ್ದಾನೆ, ಪಾಪ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಹದಿನೆಂಟು ವರ್ಷ ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ಬಾಯಿ ಜೋರಾಗಿತ್ತು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಇನ್ನಷ್ಟು ಜೋರಾಗಿತ್ತು. ನಲವತ್ತೈದು ವರ್ಷದ ಗಿರಿಜಾಂಬಾ ಟೀಚರ್ ಅಂಗಡಿಯ ಬಾಗಿಲಲ್ಲಿ ಕೂಗಾಡುವುದನ್ನು ನೋಡಲು ಪಕ್ಕದ ಅಂಗಡಿಯವರೂ ಬಂದು ನಿಂತರು. ಕೊನೆಗೆ ಕಾರ್ಡು ನಾನು ಹೇಳಿದಂತೆಯೇ ಅಚ್ಚಾಯಿತು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷು.

ಅಮ್ಮ ಕಾರ್ಡು ನೋಡಿ, “ನಿನಗೆ ಬುದ್ಧಿ ಯಾವಾಗ ಬರತ್ತೇ?” ಎಂದು ಬೈದಳು. ಬೈದು ಮುಗಿಸಿ, ಒಂದು ಕಾರ್ಡನ್ನು ತನ್ನ ಪಂಚಾಂಗದ ಒಳಗೆ ಇಟ್ಟುಕೊಂಡಳು. ನಾನು ನೋಡಿಯೂ ನೋಡದವಳಂತೆ ಇದ್ದೆ.

ಮದುವೆ ಇದ್ದದ್ದು ಶ್ರಾವಣದಲ್ಲಿ. ಅಷ್ಟು ಮುಂಚೆ ಕಾರ್ಡು ಮಾಡಿಸಿದ್ದು ನನ್ನ ಸಲುವಾಗಿ. ನಾನಾಗ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಒಂದು ಸರ್ಕಾರಿ ಹೈಸ್ಕೂಲಿನ ಫಿಸಿಕ್ಸ್ ಟೀಚರು. ಏಪ್ರಿಲ್ ರಜೆ ಮುಗಿದು ಹೊರಡುವಾಗ ಐವತ್ತು ಕಾರ್ಡು ಪೆಟ್ಟಿಗೆಗೆ ಹಾಕಿಕೊಂಡೆ. ಬಸವನಗುಡಿಯಲ್ಲಿ ಹಾಲಿನವನಿಗೂ ಬ್ಯಾಂಕಿನ ಪ್ಯೂನಿಗೂ ಹೇಗೆ ಕಾರ್ಡು ಕೊಡುತ್ತೇವೋ ಹಾಗೆ, ಮೂಲೆಗೆ ಅರಿಶಿನ ಹಚ್ಚಿ, ಅಲ್ಲಿಯ ನನ್ನ ಶಾಲೆಯ ಮಕ್ಕಳಿಗೆಲ್ಲ ಹಂಚಿದೆ. “ಬನ್ನಿ, ಎಲ್ಲರೂ ಬನ್ನಿ, ಮನೆಯವರನ್ನೂ ಕರ್ಕೊಂಡು ಬನ್ನಿ” ಎಂದೆ. ನಮ್ಮಲ್ಲಿ ಇದು ಬಾಯಿಮಾತಿನ ಉಪಚಾರ. ಬರುವುದಿಲ್ಲ ಎಂದು ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು. ಅಲ್ಲಿಯವರಿಗೆ ಅದು ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಆ ಮಕ್ಕಳ ವಿಷಯ ಹೇಳದೆ ಮುಂದೆ ಹೋದರೆ ಈ ಕತೆ ಅರ್ಥವಾಗುವುದಿಲ್ಲ.

ತೊಂಬತ್ತಾರರ ಜನವರಿಯಲ್ಲಿ ಅಲ್ಲಿಗೆ ಹೋದಾಗ ನಾನು ಚಾಮರಾಜಪೇಟೆಯನ್ನು ಹಾಗೇ ಹೊತ್ತುಕೊಂಡು ಹೋಗಿದ್ದೆ. ಕ್ಲಾಸಿಗೆ ಕಾಲಿಡುವುದು, ಕೂತ್ಕೊಳ್ಳಿ ಎನ್ನುವುದು, ಬೋರ್ಡಿನ ಕಡೆ ತಿರುಗಿ ಬರೆಯಲು ಶುರುಮಾಡುವುದು. ಮೂವತ್ತನಾಲ್ಕು ಜನ, ಹದಿನೇಳು ಹದಿನೆಂಟು ವರ್ಷದವರು. ಒಬ್ಬರೂ ಬಾಯಿ ಬಿಡಲಿಲ್ಲ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಾರೆ. ಬೈದೆ. ಬೆಂಚಿನ ಮೇಲೆ ನಿಲ್ಲಿಸಿದೆ. ನಿಂತರು, ಆದರೆ ಉತ್ತರ ಮಾತ್ರ ಇಲ್ಲ. ಎರಡು ವಾರ ಹೀಗೇ ನಡೆದು, ರೂಮಿಗೆ ಬಂದು ಅತ್ತೆ. ಯಾವ ಸುಖಕ್ಕೆ ಬಂದೆನೋ ಎನ್ನಿಸಿತ್ತು.

ಮೂರನೆಯ ವಾರ ಮಸೇಗೊ ಎಂಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಎತ್ತರದ ಹುಡುಗಿ, ಮಾತು ಬಹಳ ಮೆಲ್ಲಗೆ. ಅಲ್ಲಿ ದೊಡ್ಡ ಹೆಂಗಸರನ್ನು ‘ಮ್ಮಾ’ ಎಂದೇ ಕರೆಯುವುದು. “ಮ್ಮಾ, ಒಂದು ವಿಷಯ ಹೇಳಬಹುದಾ? ನೀವು ಇಷ್ಟು ದಿನದಲ್ಲಿ ಒಂದು ಸಲವೂ ನಾವು ಹೇಗೆ ಎದ್ದೆವು ಅಂತ ಕೇಳಿಲ್ಲ” ಎಂದಳು. ಅಲ್ಲಿ ಬೆಳಿಗ್ಗೆ ಯಾರನ್ನೇ ಕಂಡರೂ ಮೊದಲು ‘ಡುಮೆಲಾ’ ಎಂದು ನಮಸ್ಕಾರ ಹೇಳಬೇಕು, ಆಮೇಲೆ ಹೇಗೆ ಎದ್ದಿರಿ ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಅದಾದ ಮೇಲೆಯೇ ಬೇರೆ ಮಾತು. ಕೇಳದೆ ಕೆಲಸ ಶುರು ಮಾಡುವವರು ಒಂದೋ ಸಿಟ್ಟಿನಲ್ಲಿದ್ದಾರೆ, ಇಲ್ಲವೇ ನಿಮ್ಮನ್ನು ಮನುಷ್ಯರೆಂದು ಎಣಿಸಿಲ್ಲ. ಹದಿನೆಂಟು ವರ್ಷ ಪಾಠ ಮಾಡಿದವಳಿಗೆ ಹದಿನೆಂಟು ವರ್ಷದ ಹುಡುಗಿ ಪಾಠ ಮಾಡಿದಳು. ಮುಖಕ್ಕೆ ಹೊಡೆದ ಹಾಗಾಯಿತು.

ಮಾರನೆಯ ದಿನದಿಂದ ಮೂವತ್ತನಾಲ್ಕು ಜನರನ್ನೂ ಹೆಸರು ಹಿಡಿದು ಕೇಳಿದೆ. ಹತ್ತು ನಿಮಿಷ ಹೋಗುತ್ತಿತ್ತು. ಹೋಗಲಿ. ಯಾರ ಮನೆಯಲ್ಲಿ ಹಸು ಕಳೆದಿದೆ, ಯಾರು ಏಳು ಮೈಲಿ ನಡೆದು ಬಂದಿದ್ದಾರೆ, ಯಾರಿಗೆ ಬೆಳಗಿನ ತಿಂಡಿ ಇಲ್ಲ, ಎಲ್ಲ ಆ ಹತ್ತು ನಿಮಿಷದಲ್ಲಿ ತಿಳಿಯಿತು. ಉಳಿದ ಮೂವತ್ತು ನಿಮಿಷದಲ್ಲಿ ಆದ ಫಿಸಿಕ್ಸು ನಾನು ಚಾಮರಾಜಪೇಟೆಯಲ್ಲಿ ಒಂದು ವಾರದಲ್ಲೂ ಮಾಡಿರಲಿಲ್ಲ. ಆಗಲೂ ಬೈಯುತ್ತಿದ್ದೆ, ಅದೇನೂ ಬಿಡಲಿಲ್ಲ. ಆದರೆ ಈಗ ಬೈದರೆ ನಗುತ್ತಿದ್ದರು. ಸಾಯಂಕಾಲ ನನ್ನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಲೆಕ್ಕ ಬಿಡಿಸಲು ಕೂರುತ್ತಿದ್ದರು. ನಾನು ಒಂದೆರಡು ಕನ್ನಡ ಮಾತು ಕಲಿಸಿದೆ. ಅವರು ನಮ್ಮ ‘ಚೆನ್ನಾಗಿದ್ದೀರಾ’ವನ್ನು ಒಪ್ಪಲಿಲ್ಲ, ‘ಚೆನ್ನಾಗಿ ಎದ್ರಾ’ ಎಂದೇ ಬೇಕು ಎಂದರು. ಸರಿ, ಹಾಗೇ ಕಲಿಸಿದೆ.

ಮಸೇಗೊಳನ್ನು ಸಾಕಿದವಳು ಅವಳ ಅಜ್ಜಿ. ಒಂದು ಸಲ ಅವರ ಮನೆಯ ಸಮಾರಂಭಕ್ಕೆ ಕರೆದರು. ಊರಿಗೆಲ್ಲ ಮಾಂಸದಡುಗೆ. ನಾನು ತಿನ್ನುವುದಿಲ್ಲ ಎಂದು ಮೊಮ್ಮಗಳಿಂದ ತಿಳಿದಿದ್ದ ಆ ಅಜ್ಜಿ ಪೇಟೆಯಿಂದ ಹೊಸ ಪಾತ್ರೆ ತರಿಸಿ, ಬೇರೆ ಒಲೆ ಹೂಡಿ, ನನಗೊಬ್ಬಳಿಗೆ ಸೊಪ್ಪು, ಅಲಸಂದೆ, ನಮ್ಮ ಮುದ್ದೆಯ ಹಾಗಿರುವ ಜೋಳದ ಹಿಟ್ಟು ಬೇಯಿಸಿದ್ದಳು. ಯಾಕೆ ತಿನ್ನುವುದಿಲ್ಲ ಎಂದು ಒಂದು ಮಾತು ಕೇಳಲಿಲ್ಲ. ಆ ಪಾತ್ರೆ ಆಮೇಲೂ ನನಗೆಂದೇ ಅವರ ಮನೆಯಲ್ಲಿ ಮೊಳೆಗೆ ತೂಗುತ್ತಿತ್ತು.

ಮಸೇಗೊ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗಳಾದಳು. ಫಾರ್ಮಸಿ ಓದಲು ಅವರ ಸರ್ಕಾರ ಸ್ಕಾಲರ್‌ಷಿಪ್ ಕೊಡುವುದಿತ್ತು. ಯಾವ ದೇಶಕ್ಕೆ ಕಳಿಸುತ್ತಾರೋ ಎಂದು ಕಾಯುತ್ತ, ನನ್ನ ಲ್ಯಾಬಿನಲ್ಲಿ ಸಹಾಯಕ್ಕಿದ್ದಳು. ನಾನು ಆಗಸ್ಟಿನಲ್ಲಿ ಮದುವೆಗೆಂದು ಹೊರಡುವವರೆಗೂ ಏನೂ ತಿಳಿದಿರಲಿಲ್ಲ. ಕಾರ್ಡು ಅವಳಿಗೂ ಕೊಟ್ಟಿದ್ದೆ.

ಮುಹೂರ್ತದ ಬೆಳಿಗ್ಗೆ ನಾನು ಬಸವನಗುಡಿಯ ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತಿದ್ದೆ. ಒಂದು ಆಟೋ ಬಂದು ನಿಂತಿತು. ಡ್ರೈವರು ಇಳಿದು, ಕೈಯಲ್ಲಿದ್ದ ಕಾರ್ಡನ್ನೂ ಛತ್ರದ ಬೋರ್ಡನ್ನೂ ಎರಡೆರಡು ಸಲ ಓದಿ, “ಇದೇ ಛತ್ರ ಕಣಮ್ಮಾ” ಎಂದು ಹಿಂದಕ್ಕೆ ಹೇಳಿದ. ಸೂಟ್‌ಕೇಸು, ಬಟ್ಟೆ ಸುತ್ತಿದ ಒಂದು ದೊಡ್ಡ ಗಂಟು, ಅದರ ಹಿಂದೆ ಮಸೇಗೊ.

ಸಂತೋಷ ಆಗಬೇಕಿತ್ತು, ಆಗಲಿಲ್ಲ. ನಿಜ ಹೇಳುತ್ತೇನೆ, ನನಗೆ ಮೊದಲು ಕಂಡದ್ದು ಅವಳಲ್ಲ, ಅವಳನ್ನು ನೋಡುತ್ತಿದ್ದ ನಮ್ಮ ಜನ. ನಾಗಸ್ವರದವನೊಬ್ಬನನ್ನು ಬಿಟ್ಟು ಎಲ್ಲರೂ ತಿರುಗಿದ್ದರು. ಪನ್ನೀರುದಾನಿ ಕೈಯಲ್ಲೇ ಉಳಿಯಿತು.

“ಮಸೇಗೊ, ಯಾವಾಗ ಬಂದೆ? ಹೇಗೆ ಬಂದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ಉತ್ತರ ಕೊಡದೆ ನಗುತ್ತ ನಿಂತಳು. ಕೇಳಬೇಕಾದ್ದನ್ನು ನಾನು ಕೇಳಿರಲಿಲ್ಲ. “ಡುಮೆಲಾ, ಹೇಗೆ ಎದ್ದೆ?” ಎಂದೆ, ತಲೆ ತಗ್ಗಿಸಿ. ಆಮೇಲೆ ಹೇಳಿದಳು. ಸ್ಕಾಲರ್‌ಷಿಪ್ ಬೆಂಗಳೂರಿನ ಕಾಲೇಜಿಗೇ ಬಂದಿದೆ. ಮುಂಬೈಗೆ ವಿಮಾನ, ಅಲ್ಲಿಂದ ರೈಲು. ಕ್ಲಾಸಿನವರೆಲ್ಲ ಬರಬೇಕೆಂದು ಮಾತಾಡಿಕೊಂಡರಂತೆ, ಆಗಲಿಲ್ಲ, ಅದಕ್ಕೆ ಎಲ್ಲರ ಪರವಾಗಿ ಇವಳು.

ಮಧು ಪಂಚೆ ಎತ್ತಿಕೊಂಡು ಓಡಿಬಂದ. “ಅಕ್ಕಾ, ಯಾರಿದು? ಬೀಗರು ಕೇಳ್ತಿದಾರೆ.”

“ನನ್ನ ಸ್ಟೂಡೆಂಟು. ಕಾರ್ಡು ಕೊಟ್ಟಿದ್ದೆ.”

“ಕೊಡೋದು ಸರಿ, ಬರೋದಾ?”

ಬೇರೆ ದಿನವಾಗಿದ್ದರೆ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವತ್ತು ಬಿಟ್ಟುಬಿಟ್ಟೆ, ಯಾಕೆಂದರೆ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂರಿಸಿ, ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿ ನಮ್ಮ ಮನೆಗೆ ಕಳಿಸಿಬಿಡೋಣ ಎಂದು ಯೋಚಿಸುತ್ತಿದ್ದೆ. ನನಗಾಗಿ ಹೊಸ ಪಾತ್ರೆ ತರಿಸಿದ ಮನೆಯ ಹುಡುಗಿಗೆ ನಾನು ಮಾಡಲು ಹೊರಟಿದ್ದು ಇದು. ಈಗ ನೆನೆದರೂ ನಾಚಿಕೆಯಾಗುತ್ತದೆ.

ಕುರ್ಚಿ ತೋರಿಸಿದೆ. ಅವಳು ಕೂರಲಿಲ್ಲ. “ಕರೆದವರನ್ನು ಮೊದಲು ಕಾಣಬೇಕು, ಅದಕ್ಕೆ ಮುಂಚೆ ಕೂರಬೇಡ ಅಂತ ಅಜ್ಜಿ ಹೇಳಿದ್ದಾಳೆ” ಎಂದು ಕಾರ್ಡು ತೆಗೆದು, ಇಂಗ್ಲಿಷಿನ ಕಡೆಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. “ಭಾಗೀರಥಮ್ಮ ಎಲ್ಲಿ?”

ಅಮ್ಮ ಎಲ್ಲಿ? ಉಗ್ರಾಣದಲ್ಲಿ. ಹಸೆಮಣೆಯ ಹತ್ತಿರ ಅವಳು ಬರುವ ಹಾಗಿಲ್ಲ, ಅವಳೇ ಬರುವುದಿಲ್ಲ. ಅಡುಗೆ ಸಾಮಾನಿನ ಆ ಕೋಣೆಯಲ್ಲಿ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು, ತೆಂಗಿನಕಾಯಿ, ಸಕ್ಕರೆ, ವೀಳ್ಯದೆಲೆ ಕಾಯುತ್ತ ಬೆಳಗಿನಿಂದ ಕೂತಿದ್ದಳು. ಹೆಸರು ಕಾರ್ಡಿನ ತಲೆಯ ಮೇಲೆ ಹಾಕಿಸಿ ಗೆದ್ದೆ ಎಂದುಕೊಂಡಿದ್ದ ನಾನು, ಬೆಳಗಿನಿಂದ ಒಂದು ಸಲ ಅತ್ತ ಹೋಗಿರಲಿಲ್ಲ.

ಮಸೇಗೊಳನ್ನು ಅಲ್ಲಿಗೆ ಹೆದರಿಕೊಂಡೇ ಕರೆದುಕೊಂಡು ಹೋದೆ. ಅಮ್ಮ ಮಡಿಯಲ್ಲಿದ್ದಳು. ಎಪ್ಪತ್ತಾರು ವರ್ಷ, ಮಡಿಯಲ್ಲಿದ್ದರೆ ನನ್ನನ್ನೇ ಹತ್ತಿರ ಸೇರಿಸುವವಳಲ್ಲ. ಹುಡುಗಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಳು. ಮಂಡಿ ಸ್ವಲ್ಪ ಬಗ್ಗಿಸಿ, ಗಂಟನ್ನು ಬಿಚ್ಚಿ ಎರಡು ಕೈಯಲ್ಲಿ ಮುಂದೆ ಹಿಡಿದಳು. ಒಳಗಿದ್ದದ್ದು ತಾಳೆಗರಿಯಂಥ ನಾರಿನಲ್ಲಿ ಹೆಣೆದ, ಮುಚ್ಚಳವಿದ್ದ ದೊಡ್ಡ ಬುಟ್ಟಿ.

“ಚೆನ್ನಾಗಿ ಎದ್ರಾ, ಅಜ್ಜಿ?” ಎಂದಳು, ನಾನು ಕಲಿಸಿದ ಕನ್ನಡದಲ್ಲಿ.

ಅಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು.

“ಎಲ್ಲಿ ಏಳೋದು ಮಗು, ಮಲಗಿದ್ರೆ ತಾನೇ ಏಳೋದು” ಎಂದಳು. “ಎರಡು ದಿನದಿಂದ ಸೊಂಟ ನೋವು. ಯಾರು ಕೇಳ್ತಾರೆ.”

ನಾನು ಇಂಗ್ಲಿಷಿಗೆ ತಿರುಗಿಸಿದೆ. ಮಸೇಗೊ ಸೊಂಟದ ನೋವಿನ ಬಗ್ಗೆ ಇನ್ನೂ ಎರಡು ಪ್ರಶ್ನೆ ಕೇಳಿದಳು, ಅಮ್ಮ ಎರಡಕ್ಕೂ ವಿವರವಾಗಿ ಉತ್ತರ ಕೊಟ್ಟಳು. ಆಮೇಲೆ ಹುಡುಗಿ ತನ್ನ ಅಜ್ಜಿಯ ಮಾತು ಒಪ್ಪಿಸಿದಳು: ‘ನೀವು ಕರೆದಿರಿ. ನನಗೆ ವಯಸ್ಸಾಗಿದೆ, ಬರಲಾರೆ. ಮೊಮ್ಮಗಳನ್ನು ಕಳಿಸಿದ್ದೇನೆ. ಈ ಬುಟ್ಟಿ ನಾನೇ ಹೆಣೆದದ್ದು.’

ಅಮ್ಮ ಬುಟ್ಟಿಯನ್ನು ಕೈಯಿಂದ ತೆಗೆದುಕೊಳ್ಳಲಿಲ್ಲ. “ಅಲ್ಲಿಡು” ಎಂದಳು. ಮಡಿ ಮಡಿಯೇ. ಆದರೆ ನನ್ನ ಕಡೆ ತಿರುಗಿ, “ಇವಳಿಗೆ ಎಲೆ ಹಾಕಿಸು. ನಿಂತು ಬಡಿಸು. ಕೊನೇ ಸಾಲಲ್ಲಿ ಕೂರ್ಸಬೇಡ” ಎಂದಳು. ನನ್ನ ಹೊಟ್ಟೆಯೊಳಗಿನದು ಅವಳಿಗೆ ಹೇಗೆ ತಿಳಿಯಿತೋ.

ಮದುವೆ ಮುಗಿಯಿತು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ.

ಕಾಲೇಜಿನಲ್ಲಿ ಮಸೇಗೊಳಿಗೆ ಒಂದು ಫಾರಂ ಕೊಟ್ಟಿದ್ದರು. ವಿದೇಶದ ವಿದ್ಯಾರ್ಥಿಗೆ ಊರಿನಲ್ಲೇ ವಾಸವಿರುವ ಒಬ್ಬ ಗಾರ್ಡಿಯನ್ ಬೇಕು. ಸಹಿ ಮಾಡಿದವರು ಅವಳ ಜವಾಬ್ದಾರಿ ಹೊರಬೇಕು. ಸೋಮವಾರದೊಳಗೆ ಕೊಡದಿದ್ದರೆ ಸೀಟು ಬೇರೆಯವರಿಗೆ. ಸೀಟು ಹೋದರೆ ಸ್ಕಾಲರ್‌ಷಿಪ್ಪೂ ಹೋಯಿತು, ಅವಳು ವಾಪಸ್ಸು ಹೋಗಬೇಕು, ಇನ್ನೊಮ್ಮೆ ಸಿಗುವ ಭರವಸೆಯಿಲ್ಲ. ನಾನು ಸಹಿ ಹಾಕೋಣವೆಂದರೆ ನನ್ನ ವಿಳಾಸ ಬೋಟ್ಸ್‌ವಾನಾದ್ದು, ಮಂಗಳವಾರ ನನ್ನ ವಿಮಾನ.

ಮಧುವನ್ನು ಕೇಳಿದೆ. “ಅಕ್ಕಾ, ಹುಡುಗಿ ಒಳ್ಳೆಯವಳೇ ಇರಬಹುದು. ಆದ್ರೆ ಸಹಿ ಅಂದ್ರೆ ಸುಮ್ನೇನಾ? ನಾಳೆ ಏನಾದ್ರೂ ಆದ್ರೆ ಪೊಲೀಸ್ ಸ್ಟೇಷನ್‌ಗೆ ಅಲೆಯೋನು ನಾನು. ನೀನು ಅಲ್ಲಿರ್ತೀಯ” ಎಂದ. ಅವನ ಮಾತಿನಲ್ಲಿ ಸುಳ್ಳೇನಿರಲಿಲ್ಲ, ಅದೇ ಕಷ್ಟ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರ್ ನಂಜುಂಡಯ್ಯನವರನ್ನು ಕೇಳಿದೆ. ಅವರು ನೋಡೋಣ ಎಂದರು. ನಮ್ಮೂರಲ್ಲಿ ನೋಡೋಣ ಎಂದರೆ ಆಗಲ್ಲ ಎಂದು. ನನ್ನ ಜೊತೆ ಕೆಲಸ ಮಾಡಿದ ಇಬ್ಬರಿಗೆ ಫೋನು ಮಾಡಿದೆ. ಒಬ್ಬರ ಮನೆಯಲ್ಲಿ ಗಂಡ ಒಪ್ಪಲಿಲ್ಲ, ಇನ್ನೊಬ್ಬರು ಊರಲ್ಲಿರಲಿಲ್ಲ.

ಭಾನುವಾರ ಊಟವಾದ ಮೇಲೆ ಮಧುವಿಗೂ ನನಗೂ ಜಗಳ ಹತ್ತಿತು. ನಾನು ಎಂದಿನಂತೆ ಕೂಗಿದೆ. ಮಸೇಗೊ ಹೊರಗಿನ ಜಗುಲಿಯಲ್ಲಿ ಫಾರಂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾತು ತಿಳಿಯದಿದ್ದರೂ ಜಗಳ ತನ್ನದೇ ಎಂದು ತಿಳಿಯದಷ್ಟು ದಡ್ಡಳಲ್ಲ. ನಾನು ಹೊರಗೆ ಬಂದಾಗ, “ಮ್ಮಾ, ಬಿಡಿ. ನಿಮ್ಮ ಮನೆಯಲ್ಲಿ ಮನಸ್ತಾಪ ಬೇಡ. ನಾನು ವಾಪಸ್ಸು ಹೋಗುತ್ತೇನೆ, ಲ್ಯಾಬಿನ ಕೆಲಸ ಹೇಗೂ ಇದೆ” ಎಂದಳು. ನನಗೆ ಅಳು ಬಂತು. ವಿದ್ಯುಚ್ಛಕ್ತಿಯ ಲೆಕ್ಕವನ್ನು ನನಗಿಂತ ಬೇಗ ಬಿಡಿಸುತ್ತಿದ್ದ ಹುಡುಗಿ ಬಾಟಲಿ ತೊಳೆಯಲು ವಾಪಸ್ಸು ಹೋಗುತ್ತೇನೆ ಎನ್ನುತ್ತಿದ್ದಾಳೆ, ಇಷ್ಟು ದೊಡ್ಡ ಊರಲ್ಲಿ ಒಂದು ಸಹಿ ಸಿಗದೆ.

ಅಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಕೈಯಲ್ಲಿ ಪಂಚಾಂಗ.

“ಏನೇ ಅದು ಕಾಗದ?”

ಹೇಳಿದೆ. ಪೂರ್ತಿ ಕೇಳಿದಳು. ಪಂಚಾಂಗದೊಳಗಿನ ಕಾರ್ಡು ತೆಗೆದು ಮಧುವಿನ ಮುಂದೆ ಹಿಡಿದಳು.

“ಮೊದಲನೇ ಸಾಲು ಓದೋ.”

“ಅಮ್ಮಾ, ಅದು ಮದುವೆಗೆ ಕರೆದಿದ್ದು.”

“ಓದು ಅಂದೆ.”

ಅವನು ಓದಿದ. ‘ಶ್ರೀಮತಿ ಭಾಗೀರಥಮ್ಮ ಶ್ರೀನಿವಾಸಮೂರ್ತಿ ಅವರು ಮಾಡುವ ವಿಜ್ಞಾಪನೆಗಳು.’

“ಬೇಡ ಬೇಡ ಅಂದ್ರೂ ನಿಮ್ಮಕ್ಕ ಹಾಕ್ಸಿದ್ಳು. ಐನೂರು ಕಾರ್ಡು ಹೋಯ್ತು, ಐನೂರು ಮನೆಯೋರು ಬಂದ್ರು, ಉಂಡ್ರು, ತಾಂಬೂಲ ತಗೊಂಡ್ರು. ಭಾಗೀರಥಮ್ಮ ಎಲ್ಲಿ ಅಂತ ಕೇಳಿದ್ದು ಈ ಹುಡುಗಿ ಒಬ್ಳು.” ಅಮ್ಮನ ದನಿ ಏರಲಿಲ್ಲ. ಅವಳು ನನ್ನ ಹಾಗಲ್ಲ. “ಕರೆದೋಳು ನಾನು. ಬಂದೋಳನ್ನ ಬೀದೀಲಿ ನಿಲ್ಸಿದ್ರೆ ಆ ಹೆಸರು ಯಾಕೆ ಅಚ್ಚು ಹಾಕ್ಸಬೇಕಿತ್ತು? ಊರಲ್ಲಿ ಇರೋರು ಸಹಿ ಹಾಕ್ಬೇಕು ತಾನೆ? ಐವತ್ತೆಂಟು ವರ್ಷದಿಂದ ಇದೇ ಊರಲ್ಲಿದೀನಿ. ಮನೆ ಕಂದಾಯದ ರಸೀದಿ ನನ್ನ ಹೆಸರಲ್ಲೇ ಬರತ್ತೆ. ಪೆನ್ನು ಕೊಡು.”

ಮಧು ಜೇಬಿನಿಂದ ತನ್ನ ಪೆನ್ನನ್ನೇ ತೆಗೆದು ಕೊಟ್ಟ. “ಪೊಲೀಸ್ ಆಫೀಸಿಗೆ ಹೋಗಬೇಕಾದ್ರೆ ನಾನು ಕರ್ಕೊಂಡು ಹೋಗ್ತೀನಿ” ಎಂದೂ ಹೇಳಿದ. ಅಷ್ಟು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತೆಂದು ನನಗೆ ಗೊತ್ತು.

ಅಮ್ಮ ಕನ್ನಡಕ ಏರಿಸಿಕೊಂಡು, ಜಗುಲಿಯ ಮೇಲೆ ಕೂತು, ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಹೆಸರು, ವಯಸ್ಸು, ವಿಳಾಸ. ಒಂದು ಕಡೆ ಪೆನ್ನು ನಿಂತಿತು.

“ಇಲ್ಲೇನು ಕೇಳಿದಾರೆ?”

“ವಿದ್ಯಾರ್ಥಿಗೂ ನಿಮಗೂ ಏನು ಸಂಬಂಧ ಅಂತ.”

“ಫ್ಯಾಮಿಲಿ ಫ್ರೆಂಡ್ ಅಂತ ಬರಿ ಅಮ್ಮ” ಎಂದ ಮಧು.

ಅಮ್ಮ ಅದಕ್ಕೆ ಕಿವಿಗೊಡಲಿಲ್ಲ. ಬರೆದು ಮುಗಿಸಿ, ಫಾರಂ ಅನ್ನು ಮಸೇಗೊಳಿಗೆ ಕೊಟ್ಟಳು, ಈ ಸಲ ಕೈಯಿಂದ ಕೈಗೆ. ನಾನು ಬಗ್ಗಿ ಓದಿದೆ. ‘ನಾನು ಕರೆದೆ, ಬಂದಳು.’

ಸೋಮವಾರ ಕಾಲೇಜಿನ ಗುಮಾಸ್ತರು ಆ ಸಾಲು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಇದೇನಮ್ಮಾ ಸಂಬಂಧ?” ಎಂದರು. “ಅಷ್ಟೇ ಸಂಬಂಧ ಸಾರ್” ಎಂದೆ. ಜೀವನದಲ್ಲಿ ಮೊದಲ ಸಲ ಒಂದು ಆಫೀಸಿನಲ್ಲಿ ನಾನು ಕೂಗದೆ ಕೆಲಸವಾಯಿತು. ಅವರು ಸೀಲು ಒತ್ತಿದರು.

ಮಂಗಳವಾರ ಬೆಳಿಗ್ಗೆ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಮಸೇಗೊ ಅವತ್ತೇ ಹಾಸ್ಟೆಲ್ಲಿಗೆ ಹೋಗುವವಳು, ನಡುಮನೆಯಲ್ಲಿ ಹಾಸಿಗೆ ಸುತ್ತುತ್ತಿದ್ದಳು. ಆಫ್ರಿಕಾದ ಬುಟ್ಟಿ ದೇವರಮನೆಯ ಹೊರಗೆ ಸ್ಟೂಲಿನ ಮೇಲಿತ್ತು, ಅದರಲ್ಲಿ ಅಮ್ಮನ ಬತ್ತಿ ಹೊಸೆಯುವ ಹತ್ತಿ. ನನ್ನ ತಲೆಯಲ್ಲಿ ಆಗಲೇ ಆ ಕ್ಲಾಸಿನ ಬೆಂಚುಗಳಿದ್ದವು. ಈ ವರ್ಷದವರು ಬೇರೆಯವರು, ಪರೀಕ್ಷೆಗೆ ಎರಡೇ ತಿಂಗಳು. ಆದರೆ ಕಾರ್ಡು ಅವರಿಗೂ ಕೊಟ್ಟಿದ್ದೆ, ಮಸೇಗೊಳಿಗೆ ಭಾಗೀರಥಮ್ಮ ಏನೆಂದರು ಎಂದು ಮೊದಲ ದಿನವೇ ಕೇಳುತ್ತಾರೆ.

ಅಮ್ಮ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಮಡಿಯಲ್ಲಿ ದೇವರಮನೆಗೆ ಹೊರಟಿದ್ದಳು. ಆ ಹೊತ್ತಿನಲ್ಲಿ ಅವಳು ಯಾರ ಜೊತೆಯೂ ಮಾತಾಡುವುದಿಲ್ಲ. ನಲವತ್ತೈದು ವರ್ಷದಲ್ಲಿ ನನ್ನ ಜೊತೆ ಆಡಿದ್ದು ನೆನಪಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತಳು.

“ಚೆನ್ನಾಗಿ ಎದ್ಯಾ, ಮಗು?” ಎಂದು ಕೇಳಿ, ಉತ್ತರಕ್ಕೆ ಕಾದಳು.